ವರ್ಷಕ್ಕಾಗುವಷ್ಟು ಟೊಮೆಟೊ: ಹುಳಿ, ಕುದಿ, ಮುಚ್ಚಳ

ಹತ್ತು ಕೆ.ಜಿ. ಹಣ್ಣಿಗೆ ಏಳು ಬಾಟಲಿ, ಒಂದೊಂದರಲ್ಲೂ ಹೆಚ್ಚುಕಡಿಮೆ ಒಂದು ಲೀಟರ್. ಅಮೆರಿಕದಲ್ಲಿ ಆಗಸ್ಟ್ ಕೊನೆಯಾಗುತ್ತಿದ್ದಂತೆ, ಹಿತ್ತಲಲ್ಲಿ ಟೊಮೆಟೊ ಗಿಡ ಹಾಕಿದವರ ಮನೆಗಳಲ್ಲಿ ಈ ಲೆಕ್ಕ ಶುರುವಾಗುತ್ತದೆ. ಗಿಡಗಳು ಒಟ್ಟಿಗೇ ಹಣ್ಣು ಬಿಟ್ಟಿರುತ್ತವೆ, ಚಳಿಗೆ ಗಿಡ ಸುಟ್ಟುಹೋಗುವುದರೊಳಗೆ ಎಲ್ಲ ಕೊಯ್ದು ಮುಗಿಸಬೇಕು. ಒಂದು ಶನಿವಾರ ಮನೆಮಂದಿಯೆಲ್ಲ ಕೂತು ಸಿಪ್ಪೆ ಬಿಡಿಸಿ, ಬೇಯಿಸಿ, ಗಾಜಿನ ಬಾಟಲಿಗೆ ತುಂಬಿ, ಬಾಟಲಿ ಸಮೇತ ಇನ್ನೊಮ್ಮೆ ಕುದಿಸಿ ಕಪಾಟಿನಲ್ಲಿ ಸಾಲಾಗಿ ಜೋಡಿಸಿದರೆ ಮುಂದಿನ ಬೇಸಿಗೆವರೆಗಿನ ಚಿಂತೆ ತೀರಿತು. ಇದನ್ನು ಅವರು ಕರೆಯುವುದು ‘ಕ್ಯಾನಿಂಗ್’ ಎಂದು. ತಗಡಿನ ಕ್ಯಾನು ಈ ಕೆಲಸದಲ್ಲಿ ಎಲ್ಲೂ ಬರುವುದಿಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ.

ದಕ್ಷಿಣ ಇಟಲಿಯಲ್ಲಿ ಇದೇ ಕೆಲಸ ಆಗಸ್ಟ್ 15ರ ಹಬ್ಬದ ಹಿಂದೆಮುಂದೆ ನಡೆಯುತ್ತದೆ. ಅಲ್ಲಿ ಹಣ್ಣನ್ನು ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಹಾಕಿ ಸಿಪ್ಪೆ, ಬೀಜ ಬೇರೆ ಮಾಡುತ್ತಾರೆ. ಉಳಿದ ನುಣ್ಣನೆ ರಸಕ್ಕೆ ‘ಪಾಸಾಟಾ’ ಎಂದು ಹೆಸರು. ಅದನ್ನು ಖಾಲಿ ಬಿಯರ್ ಬಾಟಲಿಗೆ ತುಂಬಿ, ಒಂದೆರಡು ತುಳಸಿ ಜಾತಿಯ ಬೇಸಿಲ್ ಎಲೆ ಇಳಿಬಿಟ್ಟು, ಬಿರಡೆ ಒತ್ತಿ, ದೊಡ್ಡ ಡ್ರಮ್ಮಿನಲ್ಲಿ ಹಳೆ ಬಟ್ಟೆಯ ನಡುವೆ ಜೋಡಿಸಿ ಅಂಗಳದಲ್ಲಿ ಬೆಂಕಿ ಹಾಕುತ್ತಾರೆ. ಬಟ್ಟೆ ಇಡುವುದು ಬಾಟಲಿಗೆ ಬಾಟಲಿ ತಾಗಿ ಒಡೆಯದಿರಲಿ ಎಂದು. ಬೆಳಗಾಗುವವರೆಗೆ ಅದೇ ನೀರಿನಲ್ಲಿ ತಣಿಯಲು ಬಿಡುವುದೂ ಗಾಜು ಉಳಿಯಲಿ ಎಂದೇ.

ನಮ್ಮಲ್ಲಿ ಬೇಸಿಗೆಗೆ ಹಪ್ಪಳ, ಸಂಡಿಗೆ, ಮಾವಿನ ಮಿಡಿ ಇದ್ದ ಹಾಗೆ ಅವರಿಗೆ ಇದು. ಆದರೆ ಉಪ್ಪಿನಕಾಯಿ ಹಾಕಿ ಪಳಗಿದ ಕೈ ಇಲ್ಲಿ ಎಡವುವುದುಂಟು. ಮಿಡಿ ಕೆಡದಿರುವುದು ಉಪ್ಪಿನ ಬಲದಿಂದ, ಹಪ್ಪಳ ಕೆಡದಿರುವುದು ನೀರಿಲ್ಲದ್ದರಿಂದ. ಟೊಮೆಟೊ ಬಾಟಲಿಯಲ್ಲಿ ಉಪ್ಪು ರುಚಿಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಎಣ್ಣೆ ಇಲ್ಲ. ತೇವವಂತೂ ಬೇಕಾದಷ್ಟು. ಹಾಗಾದರೆ ಹನ್ನೆರಡು ತಿಂಗಳು ಅದನ್ನು ಕಾಯುವುದು ಯಾವುದು? ‘ಚೆನ್ನಾಗಿ ಕುದಿಸಿದ್ದೇವಲ್ಲ’ ಎಂಬ ಉತ್ತರ ಅರ್ಧ ಮಾತ್ರ ಸರಿ, ತೊಂದರೆ ಆಗುವುದು ಆ ಉಳಿದರ್ಧದಲ್ಲಿ.

ಹುಳಿಯ ಗಡಿ

ಮಣ್ಣಿನಲ್ಲಿ ಎಲ್ಲೆಡೆ ಇರುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಬಾಟುಲಿನಂ. ಹೊರಗೆ ಗಾಳಿ ಇರುವ ಕಡೆ ಅದು ಗಟ್ಟಿ ಕವಚದ ಬೀಜಾಣುವಾಗಿ ಸುಮ್ಮನೆ ಬಿದ್ದಿರುತ್ತದೆ. ನಾವು ದಿನಾ ತರಕಾರಿ ಜೊತೆ ಅದನ್ನು ತಿನ್ನುತ್ತಲೇ ಇರುತ್ತೇವೆ, ಏನೂ ಆಗುವುದಿಲ್ಲ. ಗಾಳಿಯಾಡದ, ತೇವ ಇರುವ, ಹುಳಿ ಕಡಿಮೆ ಇರುವ, ಕೋಣೆಯಷ್ಟೇ ಬೆಚ್ಚಗಿರುವ ಜಾಗ ಸಿಕ್ಕಿತೋ, ಅದು ಮೊಳೆತು ವಿಷ ಕಾರುತ್ತದೆ. ಮುಚ್ಚಳ ಬಿಗಿದ ಬಾಟಲಿ ಅಂಥದೇ ಜಾಗ. ಈ ವಿಷ ಇರುವುದು ಮೂಗಿಗೂ ಕಣ್ಣಿಗೂ ತಿಳಿಯದೆ ಹೋಗಬಹುದು. ತಿಂದವರಿಗೆ ಸಾಮಾನ್ಯವಾಗಿ ಒಂದು ಒಂದೂವರೆ ದಿನದೊಳಗೆ ಕಣ್ಣಿಗೆ ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲಾಗದಿರುವುದು ಶುರುವಾಗುತ್ತದೆ. ಆಮೇಲೆ ಉಸಿರಾಟದ ಸ್ನಾಯುಗಳಿಗೇ ಲಕ್ವ ಹೊಡೆಯಬಹುದು.

ಕುದಿಯುವ ನೀರಿನ 100 ಡಿಗ್ರಿ ಈ ಬೀಜಾಣುವನ್ನು ಕೊಲ್ಲುವುದಿಲ್ಲ. ಅದಕ್ಕೆ 116ರಿಂದ 121 ಡಿಗ್ರಿ ಬೇಕು, ಒತ್ತಡವಿಲ್ಲದೆ ನೀರು ಅಷ್ಟು ಬಿಸಿಯಾಗದು. ಆದರೆ ಹುಳಿ ಇದ್ದ ಕಡೆ ಬೀಜಾಣು ಬದುಕಿದ್ದರೂ ಮೊಳೆಯಲಾರದು. ಆ ಗಡಿ ಪಿಎಚ್ 4.6. ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಹಾಗಾಗಿ 4.9ಕ್ಕೂ 4.5ಕ್ಕೂ ಇರುವ ವ್ಯತ್ಯಾಸ ಕೇಳುವುದಕ್ಕೆ ಸಣ್ಣದು, ಲೆಕ್ಕದಲ್ಲಿ ಎರಡೂವರೆ ಪಟ್ಟು.

ಟೊಮೆಟೊದ ಪಿಎಚ್ ಸಾಮಾನ್ಯವಾಗಿ 4.3ರಿಂದ 4.9. ಬೇಲಿಯ ಎರಡೂ ಕಡೆ ಕಾಲಿಟ್ಟು ಕೂತ ಹಣ್ಣು ಇದು. ತಳಿ, ಮಣ್ಣು, ಎಷ್ಟು ಹಣ್ಣಾಗಿದೆ ಎಂಬುದರ ಮೇಲೆ ಆಚೆಗೋ ಈಚೆಗೋ ವಾಲುತ್ತದೆ. ನಾಲಿಗೆಯನ್ನು ನಂಬುವಂತಿಲ್ಲ. ಹಳದಿ ಟೊಮೆಟೊ ಹುಳಿಯಿಲ್ಲ ಅನ್ನಿಸುವುದು ಬಹಳ ಸಲ ಸಕ್ಕರೆ ಹೆಚ್ಚಿರುವುದರಿಂದ. ನಾಟಿ ಹಣ್ಣು ಹುಳಿ ಅನ್ನಿಸಿದ ಮಾತ್ರಕ್ಕೆ ಪಿಎಚ್ 4.6ರ ಕೆಳಗಿದೆ ಎಂದು ಅರ್ಥವಲ್ಲ. ಅಮೆರಿಕದ ಕೃಷಿ ಇಲಾಖೆ 1980ರ ದಶಕದ ಕೊನೆಯಿಂದ, ಯಾವ ತಳಿಯೇ ಆಗಲಿ ಪ್ರತಿ ಬಾಟಲಿಗೂ ಹುಳಿ ಸೇರಿಸಲೇಬೇಕು ಎನ್ನುತ್ತ ಬಂದಿದೆ. ಅದಕ್ಕೂ ಮೊದಲಿನ ಅಜ್ಜಿಯರ ಕಾಲದ ಚೀಟಿಗಳಲ್ಲಿ ಇದು ಇರುವುದಿಲ್ಲ. ‘ನಮ್ಮನೇಲಿ ಐವತ್ತು ವರ್ಷದಿಂದ ಹೀಗೇ ಮಾಡ್ತಿರೋದು, ಯಾರಿಗೂ ಏನೂ ಆಗಿಲ್ಲ’ ಎಂಬ ವಾದ ಇರುವುದೂ ಅಲ್ಲೇ. ಐವತ್ತು ವರ್ಷವೂ ಹಣ್ಣು ಬೇಲಿಯ ಈಚೆ ಬದಿಯೇ ಇದ್ದಿರಬಹುದು. ಈ ವರ್ಷದ್ದು ಎಲ್ಲಿದೆ ಎಂದು ಹೇಳುವವರು ಯಾರು?

ಅಳತೆ ಹೀಗೆ. ಒಂದು ಲೀಟರಿನ ಬಾಟಲಿಗೆ ಅರ್ಧ ಟೀ ಚಮಚ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಅರ್ಧ ಲೀಟರಿನದಕ್ಕೆ ಕಾಲು ಟೀ ಚಮಚ. ಚಮಚ ಗೋಪುರ ಮಾಡದೆ ಮಟ್ಟಸವಾಗಿರಲಿ. ನಿಂಬೆರಸವಾದರೆ ಲೀಟರಿಗೆ ಎರಡು ಟೇಬಲ್ ಚಮಚ, ಅರ್ಧ ಲೀಟರಿಗೆ ಒಂದು. ಆದರೆ ಅದು ಬಾಟಲಿಯಲ್ಲಿ ಬರುವ, ಹುಳಿ ಒಂದೇ ಸಮ ಇರುವಂತೆ ಮಾಡಿದ ರಸ. ಕೈಯಲ್ಲಿ ಹಿಂಡಿದ ನಿಂಬೆಯ ಹುಳಿ ಹಣ್ಣಿಂದ ಹಣ್ಣಿಗೆ ಬದಲಾಗುತ್ತದೆ, ಅದಕ್ಕೇ ಲೆಕ್ಕಕ್ಕೆ ಬರುವುದಿಲ್ಲ. ಶೇಕಡಾ 5ರ ವಿನೆಗರ್ ಕೂಡ ನಡೆಯುತ್ತದೆ, ಲೀಟರಿಗೆ ನಾಲ್ಕು ಟೇಬಲ್ ಚಮಚ. ವಾಸನೆ ಮಾತ್ರ ಸಾರಿನವರೆಗೂ ಬೆನ್ನು ಬಿಡದು. ನಮ್ಮ ಮಟ್ಟಿಗೆ ನಿಂಬೆ ಉಪ್ಪೇ ಸರಿ: ಅಗ್ಗ, ಅಳತೆ ತಪ್ಪುವುದಿಲ್ಲ, ಬೇರೆ ರುಚಿ ಬೆರೆಸುವುದಿಲ್ಲ. ಹುಣಸೆಹಣ್ಣು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹುಣಸೆ ಹುಳಿಯೇ, ಆದರೆ ಯಾವ ಹುಣಸೆ, ಎಷ್ಟು ಗಟ್ಟಿಯ ರಸ ಎಂದು ಅಳೆದವರಿಲ್ಲ. ಅದು ಸಾರು ಮಾಡುವಾಗ ಇರಲಿ.

ಹುಳಿಯನ್ನು ಬೇಯುತ್ತಿರುವ ಪಾತ್ರೆಗೆ ಹಾಕದೆ ನೇರವಾಗಿ ಒಂದೊಂದು ಖಾಲಿ ಬಾಟಲಿಗೂ ಹಾಕಬೇಕು. ಪಾತ್ರೆಗೆ ಹಾಕಿದರೆ ಒಂದು ಬಾಟಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋದದ್ದು ತಿಳಿಯುವುದೇ ಇಲ್ಲ.

ಹುಳಿ ಈ ಕೆಲಸ ನೋಡಿಕೊಂಡರೆ ಕುದಿಸುವುದು ಏಕೆ ಎಂದರೆ, ಹುಳಿಗೆ ಹೆದರದ ಜೀವಿಗಳೂ ಇವೆ: ಬೂಷ್ಟು, ಯೀಸ್ಟ್, ಕೆಲವು ಹುಳಿ ಬ್ಯಾಕ್ಟೀರಿಯಾ. ಇವು 100 ಡಿಗ್ರಿಯೊಳಗೇ ಸಾಯುತ್ತವೆ. ಮುಚ್ಚಳದ ಕೆಲಸ ಹೊಸಬರನ್ನು ಒಳಗೆ ಬಿಡದಿರುವುದು. ಮೂವರಲ್ಲಿ ಒಬ್ಬರು ರಜೆ ಹಾಕಿದರೂ ಮಿಕ್ಕ ಇಬ್ಬರಿಂದ ಆಗುವುದಿಲ್ಲ. ಬೂಷ್ಟಿನ ವಿಷಯವನ್ನೇ ನೋಡಿ. ಮೇಲೆ ತೆಳ್ಳಗೆ ಬೂಷ್ಟು ಹಿಡಿದರೆ ಕೆರೆದು ತೆಗೆದು ಉಳಿದದ್ದು ಬಳಸುವ ಅಭ್ಯಾಸ ಹಲವರಿಗಿದೆ. ಕೆಲವು ಬೂಷ್ಟುಗಳು ಹುಳಿಯನ್ನೇ ತಿಂದು ಬದುಕುತ್ತವೆ. ಅವು ತಿಂದಂತೆ ಪಿಎಚ್ ಏರುತ್ತದೆ, ಅಲ್ಲಿಯವರೆಗೆ ಸುಮ್ಮನಿದ್ದ ಬೀಜಾಣುವಿಗೆ ಬಾಗಿಲು ತೆರೆಯುತ್ತದೆ. ಕೊಳೆತ ಭಾಗ ಕತ್ತರಿಸಿ ಮಿಕ್ಕದ್ದನ್ನು ಬಾಟಲಿಗೆ ಹಾಕಬಾರದು ಎನ್ನುವುದೂ ಇದಕ್ಕೇ.

ಕುಕ್ಕರಿನಲ್ಲಿ ನಾಲ್ಕು ವಿಷಲ್?

ಒತ್ತಡದಲ್ಲಿ 121 ಡಿಗ್ರಿ ಸಿಗುತ್ತದೆ ಎಂದಮೇಲೆ ಪ್ರತಿ ಮನೆಯಲ್ಲೂ ಇರುವ ಕುಕ್ಕರ್ ಇದೆಯಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದಲ್ಲಿ ‘ಪ್ರೆಶರ್ ಕ್ಯಾನರ್’ ಎಂದು ಬಳಸುವ ಪಾತ್ರೆ ಬೇರೆ. ಒಂದು ಲೀಟರಿನ ನಾಲ್ಕು ಬಾಟಲಿಯಾದರೂ ನಿಲ್ಲುವಷ್ಟು ದೊಡ್ಡದು, ದಪ್ಪ ಗೋಡೆಯದು, ಒತ್ತಡ ಎಷ್ಟಿದೆ ಎಂದು ತೋರಿಸುವ ಇಲ್ಲವೇ ಅಷ್ಟಕ್ಕೇ ಹಿಡಿದಿಡುವ ಏರ್ಪಾಡು ಇರುವಂಥದು. ಅದು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಪುಸ್ತಕದಲ್ಲಿ ಕೊಟ್ಟ ನಿಮಿಷಗಳಲ್ಲಿ ಆ ಕಾಯುವ ಆರುವ ಹೊತ್ತಿನ ಬಿಸಿಯೂ ಲೆಕ್ಕಕ್ಕೆ ಸೇರಿದೆ. ನಮ್ಮ ಐದು ಲೀಟರಿನ ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ, ವಿಷಲ್ ಎಣಿಕೆಗೂ ಬಾಟಲಿಯ ನಡುವಿನ ತಾಪಕ್ಕೂ ಸಂಬಂಧವಿಲ್ಲ. ವಿಷಲ್ ಹೊಡೆದಾಗಲೆಲ್ಲ ಒತ್ತಡ ತಟ್ಟನೆ ಇಳಿದು ಬಾಟಲಿಯೊಳಗಿನ ರಸ ಮುಚ್ಚಳದ ಸಂದಿಯಿಂದ ಉಕ್ಕುತ್ತದೆ. ಹುಳಿ ಸೇರಿಸಿದ ಟೊಮೆಟೊಗೆ ತೆರೆದ ನೀರಿನ ಕುದಿಯೇ ಸಾಕು, ಕುಕ್ಕರನ್ನು ಬೇಳೆಗೆ ಬಿಡಿ.

ಪಾತ್ರೆ, ಬಾಟಲಿ, ಹಣ್ಣು

ಬಾಟಲಿ ನಿಂತು, ಅದರ ಮುಚ್ಚಳದ ಮೇಲೆ ಒಂದರಿಂದ ಎರಡು ಇಂಚು ನೀರು ನಿಂತು, ಆ ನೀರು ಕುಣಿಯಲು ಇನ್ನೆರಡು ಇಂಚು ಜಾಗ ಉಳಿಯುವಷ್ಟು ಆಳದ ಪಾತ್ರೆ ಬೇಕು. ಲೀಟರಿನ ಬಾಟಲಿಗಾದರೆ ಹನ್ನೊಂದು ಹನ್ನೆರಡು ಇಂಚು ಆಳ. ಹಬ್ಬಕ್ಕೆ ಇಳಿಸುವ ದೊಡ್ಡ ಇಡ್ಲಿ ಪಾತ್ರೆಯೋ ಸ್ಟೀಲ್ ಹಂಡೆಯೋ ಆಗುತ್ತದೆ. ತಳದಲ್ಲಿ ತೂತಿನ ತಟ್ಟೆ ಇಡಿ, ಸಿಗದಿದ್ದರೆ ಮಡಿಸಿದ ದಪ್ಪ ಬಟ್ಟೆ. ಗಾಜು ನೇರ ತಳಕ್ಕೆ ತಾಗಿದರೆ ಒಡೆಯುತ್ತದೆ. ಇಡ್ಲಿ ಬೇಯಿಸಿದ ಹಾಗೆ ಅರ್ಧ ನೀರಿಟ್ಟು ಹಬೆಯಲ್ಲಿ ಬಿಡುವುದು ಬೇಡ, ಕೆಳಗೆ ಕೊಟ್ಟ ನಿಮಿಷಗಳು ಪೂರ್ತಿ ಮುಳುಗಿದ ಬಾಟಲಿಗೆ ಸೇರಿದ್ದು.

ಅಮೆರಿಕದವರು ಬಳಸುವುದು ಮೇಸನ್ ಜಾರ್. ಗಾಜಿನ ಕತ್ತಿಗೇ ತಿರುಪು ಕೊರೆದು ಲೋಹದ ಮುಚ್ಚಳ ತಿರುಗಿಸುವ ಈ ಉಪಾಯಕ್ಕೆ ಜಾನ್ ಲ್ಯಾಂಡಿಸ್ ಮೇಸನ್ 1858ರಲ್ಲಿ ಪೇಟೆಂಟ್ ಪಡೆದ. ಬಾಟಲಿಯಲ್ಲಿ ತುಂಬಿ ಮುಚ್ಚಿ ಕುದಿಸುವ ಕೆಲಸ ಅದಕ್ಕಿಂತ ಹಳೆಯದು. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪ್ಪೇರ್ 1810ರಲ್ಲಿ ಇದರ ವಿಧಾನ ಪ್ರಕಟಿಸಿ ಸರ್ಕಾರದಿಂದ 12,000 ಫ್ರಾಂಕ್ ಪಡೆದಿದ್ದ. ಯಾಕೆ ಕೆಡುವುದಿಲ್ಲ ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ಗಾಳಿ ಹೊರಹೋದದ್ದರಿಂದ ಎಂದುಕೊಂಡಿದ್ದ. ಸೂಕ್ಷ್ಮಜೀವಿಗಳ ಮಾತು ಪಾಶ್ಚರ್ ಎತ್ತಿದ್ದು ಸುಮಾರು ಐವತ್ತು ವರ್ಷದ ಮೇಲೆ.

ಈಗಿನ ಮುಚ್ಚಳದಲ್ಲಿ ಎರಡು ತುಂಡು. ಅಂಚಿನಲ್ಲಿ ರಬ್ಬರಿನಂಥ ಲೇಪ ಇರುವ ಚಪ್ಪಟೆ ಬಿಲ್ಲೆ, ಅದನ್ನು ಹಿಡಿದಿಡುವ ತಿರುಪಿನ ಬಳೆ. ಬಳೆ ವರ್ಷಗಟ್ಟಲೆ ಬರುತ್ತದೆ, ಬಿಲ್ಲೆ ಒಂದೇ ಸಲಕ್ಕೆ. ಕುದಿಯುವಾಗ ಒಳಗಿನ ಗಾಳಿ ಹಿಗ್ಗಿ ಬಿಲ್ಲೆಯ ಅಂಚನ್ನು ತುಸು ಎತ್ತಿ ಹೊರಗೆ ನುಸುಳುತ್ತದೆ. ಆರಿದಾಗ ಒಳಗಿನದು ಕುಗ್ಗಿ ಬಿಲ್ಲೆಯನ್ನು ಕೆಳಗೆ ಸೆಳೆದುಕೊಳ್ಳುತ್ತದೆ, ‘ಟಿಂಗ್’ ಎಂದು ಸಣ್ಣ ಸದ್ದು ಬರುತ್ತದೆ. ಹಾಗಾಗಿ ಬಳೆಯನ್ನು ಬೆರಳ ತುದಿಯಲ್ಲಿ ತಿರುಗಿಸಿ ಎಲ್ಲಿ ನಿಲ್ಲುತ್ತದೋ ಅಷ್ಟೇ ಬಿಗಿ ಮಾಡಬೇಕು. ಗಂಡಸರನ್ನು ಕರೆದು ಜೋರಾಗಿ ತಿರುಗಿಸಿ ಎಂದರೆ ಗಾಳಿಗೆ ದಾರಿಯಿಲ್ಲದೆ ಬಿಲ್ಲೆಯೇ ಮುದುಡುತ್ತದೆ. ತೀರ ಸಡಿಲವಾದರೆ ರಸ ಉಕ್ಕುತ್ತದೆ.

ಖಾಲಿಯಾದ ಜಾಮ್, ಉಪ್ಪಿನಕಾಯಿ ಬಾಟಲಿಗಳನ್ನು ಇದಕ್ಕೆ ಬಳಸಬೇಡಿ. ಅವುಗಳ ಮುಚ್ಚಳದ ಲೇಪ ಒಂದು ಸಲ ಒತ್ತಿ ಗುರುತು ಬಿದ್ದಿರುತ್ತದೆ, ಗಾಜೂ ಮುಕ್ಕಾಲು ಗಂಟೆಯ ಕುದಿಗೆ ಮಾಡಿದ್ದಲ್ಲ. ಫ್ರಿಜ್ಜಿನಲ್ಲಿ ಇಡುವ ತೊಕ್ಕಿಗೆ ಅವು ಸರಿ.

ಹಣ್ಣು ಗಟ್ಟಿಯಾಗಿ ಕೆಂಪಾಗಿರಲಿ. ಬಿರಿದದ್ದು, ಮೆತ್ತಗಾದದ್ದು ಇವತ್ತಿನ ಗೊಜ್ಜಿಗೆ. ಅಮೆರಿಕದಲ್ಲಿ ಚಳಿಗೆ ಸತ್ತ ಗಿಡದ ಹಣ್ಣನ್ನು ಬಾಟಲಿಗೆ ಹಾಕಬಾರದು ಎನ್ನುತ್ತಾರೆ, ಅದರಲ್ಲಿ ಹುಳಿ ಇಳಿದಿರುತ್ತದೆ. ನಮ್ಮ ಕಡೆ ಸೊರಗು ರೋಗಕ್ಕೆ ಒಣಗಿದ ಗಿಡದ ಹಣ್ಣಿಗೂ ಇದೇ ಮಾತು ಹೇಳಬೇಕು. ತಿರುಳು ದಪ್ಪ ಇರುವ ಉದ್ದನೆ ಹಣ್ಣು ಈ ಕೆಲಸಕ್ಕೆ ಲಾಭ. ಅಮೆರಿಕದಲ್ಲಿ ರೋಮಾ, ಇಟಲಿಯಲ್ಲಿ ವೆಸೂವಿಯಸ್ ಬೆಟ್ಟದ ಬುಡದ ಸ್ಯಾನ್ ಮಾರ್ಜಾನೊ ಹೆಸರುವಾಸಿ. ಬೆಂಗಳೂರಿನ ಗಾಡಿಗಳಲ್ಲಿ ‘ಫಾರಂ’ ಎಂದು ಮಾರುವುದು ಇದಕ್ಕೆ ಹತ್ತಿರ. ನಾಟಿ ಹಣ್ಣಿಗೆ ರುಚಿ ಇದೆ, ಆದರೆ ಬೀಜ, ನೀರು ಜಾಸ್ತಿ, ಹತ್ತು ಕೆ.ಜಿ.ಗೆ ಏಳು ಬಾಟಲಿ ಗಟ್ಟಿ ತಿರುಳು ಸಿಗದು.

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಲೆಕ್ಕ ನಡೆಯುವುದು 15 ಕೆ.ಜಿ. ಬಾಕ್ಸಿನಲ್ಲಿ. ಒಂದು ಬಾಕ್ಸಿಗೆ ಹತ್ತು ಬಾಟಲಿ ಆಗಿ ಸ್ವಲ್ಪ ಮಿಗುತ್ತದೆ. 2023ರ ಜುಲೈನಲ್ಲಿ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದ ಹಣ್ಣನ್ನು ಬೇರೆ ವರ್ಷಗಳಲ್ಲಿ ರೈತರು ಬೆಲೆಯಿಲ್ಲದೆ ರಸ್ತೆಗೆ ಸುರಿದದ್ದೂ ಇದೆ. ಬಾಟಲಿ ತುಂಬಲು ಕಾಲ ಯಾವುದು ಎಂದು ಬೇರೆ ಹೇಳಬೇಕಿಲ್ಲ.

ಕೆಲಸ ನಡೆಯುವ ಬಗೆ

ಮೊದಲು ದೊಡ್ಡ ಪಾತ್ರೆಯ ನೀರನ್ನು ಒಲೆಗೇರಿಸಿ. ಹದಿನೈದಿಪ್ಪತ್ತು ಲೀಟರ್ ಕಾಯಲು ಅರ್ಧ ಗಂಟೆಗೂ ಮೇಲೆ ಹಿಡಿಯುತ್ತದೆ, ಹಣ್ಣು ತಯಾರಾದ ಮೇಲೆ ಇದಕ್ಕೆ ಕಾಯುತ್ತ ನಿಂತರೆ ಎಲ್ಲ ಆರಿಹೋಗುತ್ತದೆ. ಬಾಟಲಿಗಳನ್ನು ಸೋಪು ಹಾಕಿ ತೊಳೆದು, ಕಂಠದ ಮೇಲೆ ಬೆರಳಾಡಿಸಿ ಚಿಕ್ಕ ಮುಕ್ಕು ಇದೆಯೇ ನೋಡಿ, ಬಿಸಿನೀರಿನಲ್ಲಿಡಿ. ಬೇರೆಯಾಗಿ ಕುದಿಸಿ ಶುದ್ಧ ಮಾಡಬೇಕಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ಕುದಿಯುವ ಬಾಟಲಿ ಆ ಕುದಿಯಲ್ಲೇ ಶುದ್ಧವಾಗುತ್ತದೆ. ಬಿಸಿಯಾಗಿಡುವುದು ಗಾಜು ಬಿರಿಯದಿರಲಿ ಎಂದು.

ಇನ್ನೊಂದು ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಣ್ಣನ್ನು ಅರ್ಧದಿಂದ ಒಂದು ನಿಮಿಷ ಬಿಡಿ. ಸಿಪ್ಪೆ ಸೀಳು ಬಿಟ್ಟ ತಕ್ಷಣ ತಣ್ಣೀರಿಗೆ. ಹಿಂಡಿದರೆ ಸಿಪ್ಪೆ ಅಂಗಿ ಕಳಚಿದ ಹಾಗೆ ಬರುತ್ತದೆ. ತೊಟ್ಟಿನ ಗಟ್ಟಿ ಭಾಗ ತೆಗೆದು ನಾಲ್ಕು ಹೋಳು ಮಾಡಿ.

ಇಲ್ಲಿಂದ ಮುಂದಿನ ಹತ್ತು ನಿಮಿಷದಲ್ಲಿ ಬಾಟಲಿಯ ರೂಪ ನಿರ್ಧಾರವಾಗುತ್ತದೆ. ಎಲ್ಲ ಹೋಳನ್ನೂ ಒಂದೇ ಸಲ ಪಾತ್ರೆಗೆ ಸುರಿದು ಒಲೆ ಹಚ್ಚಿದರೆ, ಆರು ವಾರದ ನಂತರ ಬಾಟಲಿಯಲ್ಲಿ ಕೆಳಗೆ ಹಳದಿ ನೀರು, ಮೇಲೆ ತೇಲುವ ತಿರುಳು ಕಾಣುತ್ತದೆ. ಕೆಟ್ಟಿಲ್ಲ, ಆದರೆ ಕಣ್ಣಿಗೆ ಹಾಗೆ ಅನ್ನಿಸುತ್ತದೆ. ಕಾರಣ ಇಷ್ಟು: ಹಣ್ಣಿನ ತಿರುಳು ಮಂದವಾಗಿ ಹಿಡಿದುಕೊಳ್ಳುವುದು ಪೆಕ್ಟಿನ್ ಎಂಬ ಅಂಟಿನಿಂದ. ಹಣ್ಣು ಕತ್ತರಿಸಿದ ಗಳಿಗೆಯಿಂದ ಅದರದೇ ಕಿಣ್ವಗಳು ಈ ಅಂಟನ್ನು ಕಡಿಯತೊಡಗುತ್ತವೆ. ತಣ್ಣಗಿದ್ದಾಗಲೂ ಕಡಿಯುತ್ತವೆ, ಉಗುರುಬೆಚ್ಚಗಾದಾಗ ಇನ್ನೂ ಚುರುಕು. ಕುದಿ ಹತ್ತಿರ ಬಂದಾಗ ಮಾತ್ರ ಅವು ಸುಮ್ಮನಾಗುತ್ತವೆ. ಹತ್ತು ಕೆ.ಜಿ. ಹೋಳು ನಿಧಾನಕ್ಕೆ ಕಾಯುವ ಅರ್ಧ ಗಂಟೆಯೆಲ್ಲ ಕಿಣ್ವಕ್ಕೆ ಹಬ್ಬ. ಸಾಸ್ ಕಾರ್ಖಾನೆಗಳೂ ಹಣ್ಣು ಅರೆದ ಕೂಡಲೇ 90 ಡಿಗ್ರಿಯ ಆಸುಪಾಸಿಗೆ ಏರಿಸುವುದು ಇದಕ್ಕೇ.

ಮನೆಯಲ್ಲಿ ಹೀಗೆ ಮಾಡಿ. ಆರರಲ್ಲಿ ಒಂದು ಪಾಲು ಹೋಳು, ಅಂದರೆ ಒಂದೂವರೆ ಕೆ.ಜಿ.ಯಷ್ಟು, ದೊಡ್ಡ ಪಾತ್ರೆಗೆ ಹಾಕಿ ಜೋರು ಉರಿಯಲ್ಲಿ ಕಡಗೋಲಿನಿಂದಲೋ ಮರದ ಸೌಟಿನಿಂದಲೋ ಜಜ್ಜುತ್ತ ಕುದಿಸಿ. ರಸ ಬಿಟ್ಟು ಕುದಿ ಬಂದಮೇಲೆ ಉಳಿದ ಹೋಳನ್ನು ಬೊಗಸೆ ಬೊಗಸೆಯಾಗಿ ಸೇರಿಸಿ, ಕುದಿ ನಿಲ್ಲಗೊಡಬೇಡಿ. ಈ ಹೋಳುಗಳನ್ನು ಜಜ್ಜಬೇಕಿಲ್ಲ, ಕೈಯಾಡಿಸುತ್ತಿದ್ದರೆ ತಾವೇ ಮೆತ್ತಗಾಗುತ್ತವೆ. ಸಾಧ್ಯವಾದರೆ ಒಬ್ಬರು ಕತ್ತರಿಸುತ್ತಿರಲಿ, ಇನ್ನೊಬ್ಬರು ಹಾಕುತ್ತಿರಲಿ. ಕೊನೆಯ ಬೊಗಸೆ ಬಿದ್ದಮೇಲೆ ಐದು ನಿಮಿಷ ಕುದಿಸಿ ಇಳಿಸಿ.

ಬಿಸಿ ಬಾಟಲಿಗೆ ಮೊದಲು ನಿಂಬೆ ಉಪ್ಪು, ಬೇಕಿದ್ದರೆ ಲೀಟರಿಗೆ ಒಂದು ಟೀ ಚಮಚ ಉಪ್ಪು, ಮೇಲೆ ಕುದಿಯುವ ತಿರುಳು. ಕಂಠದಿಂದ ಅರ್ಧ ಇಂಚು ಖಾಲಿ ಬಿಡಿ. ಅದಕ್ಕಿಂತ ಕಡಿಮೆ ಬಿಟ್ಟರೆ ಉಕ್ಕಿದ ಬೀಜ ಅಂಚಿಗೆ ಸಿಕ್ಕಿ ಮುಚ್ಚಳ ಕೂರುವುದಿಲ್ಲ. ಹೆಚ್ಚು ಬಿಟ್ಟರೆ ಗಾಳಿ ಪೂರ್ತಿ ಹೊರಹೋಗದೆ ಮೇಲ್ಭಾಗ ಕಂದುಬಣ್ಣಕ್ಕೆ ತಿರುಗುತ್ತದೆ. ಪ್ಲಾಸ್ಟಿಕ್ ಚಾಕುವನ್ನೋ ಬಿದಿರು ಕಡ್ಡಿಯನ್ನೋ ಬದಿಗುಂಟ ಆಡಿಸಿ ಗಾಳಿಗುಳ್ಳೆ ಬಿಡಿಸಿ. ಕಂಠವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿ, ನೆಟ್ಟಗೆ ನೀರಿಗಿಳಿಸಿ.

ಇಡೀ ಹಣ್ಣನ್ನು ಹಸಿಯಾಗೇ ತುರುಕಿ, ನೀರು ಹಾಕದೆ ಕುದಿಸುವ ಬಗೆಯೂ ಇದೆ. ನೋಡಲು ಚಂದ. ಅದಕ್ಕೆ 85 ನಿಮಿಷ ಬೇಕು. ಗ್ಯಾಸಿನ ಬೆಲೆ ನೋಡಿದರೆ ನಮಗದು ಒಪ್ಪುವುದಿಲ್ಲ.

ನಿಮಿಷಗಳ ಲೆಕ್ಕ, ಊರಿನ ಎತ್ತರ

ನೀರು ಎಲ್ಲ ಕಡೆ 100 ಡಿಗ್ರಿಗೆ ಕುದಿಯುವುದಿಲ್ಲ. ಎತ್ತರ ಹೋದಷ್ಟೂ ಗಾಳಿಯ ಒತ್ತಡ ಇಳಿದು ಬೇಗ ಕುದಿಯುತ್ತದೆ, ಅಂದರೆ ಕಡಿಮೆ ಬಿಸಿಯಲ್ಲಿ. ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. ಮಂಗಳೂರಿನ ಬಂಧುಗಳು ಹೇಳಿದ ನಿಮಿಷ ಇಲ್ಲಿ ಸಾಲದು.

ಮೇಲೆ ಹೇಳಿದ ಹಾಗೆ ಬೇಯಿಸಿ ತುಂಬಿದ ತಿರುಳಿಗೆ, 300 ಮೀಟರಿನೊಳಗಿನ ಊರುಗಳಲ್ಲಿ, ಅಂದರೆ ಮಂಗಳೂರು, ಉಡುಪಿ, ಕಾರವಾರದಲ್ಲಿ, ಒಂದು ಲೀಟರಿನ ಬಾಟಲಿಗೆ 45 ನಿಮಿಷ, ಅರ್ಧ ಲೀಟರಿನದಕ್ಕೆ 35. ಅಲ್ಲಿಂದ ಸುಮಾರು 900 ಮೀಟರಿನವರೆಗೆ 50 ಮತ್ತು 40: ಮೈಸೂರು, ಹುಬ್ಬಳ್ಳಿ, ಕೋಲಾರ ಇದರಲ್ಲಿ ಬರುತ್ತವೆ. ಅದಕ್ಕೂ ಮೇಲೆ 1,800 ಮೀಟರಿನವರೆಗೆ 55 ಮತ್ತು 45, ಮಡಿಕೇರಿ, ಚಿಕ್ಕಮಗಳೂರು ಇಲ್ಲಿಗೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿ ಸರಿಯಾಗಿ ಗಡಿಯ ಮೇಲೆ ಕೂತಿದೆ, ಬಡಾವಣೆಯಿಂದ ಬಡಾವಣೆಗೆ ಏರಿಳಿತವೂ ಉಂಟು. ಯೋಚಿಸದೆ 55 ಇಟ್ಟುಕೊಳ್ಳಿ. ಅಮೆರಿಕದ ಡೆನ್ವರಿನಲ್ಲಿರುವ ಕನ್ನಡಿಗರಿಗೂ ಅದೇ 55.

ಗಡಿಯಾರ ನೋಡಬೇಕಾದದ್ದು ಬಾಟಲಿ ಇಳಿಸಿದಾಗಲ್ಲ, ನೀರು ಮತ್ತೆ ಕೊತಕೊತ ಕುದಿಯತೊಡಗಿದಾಗ. ನಡುವೆ ಕುದಿ ನಿಂತರೆ ಮತ್ತೆ ಕುದಿ ಬರಿಸಿ ಸೊನ್ನೆಯಿಂದ ಎಣಿಸಬೇಕು. ನಲವತ್ತನೇ ನಿಮಿಷಕ್ಕೆ ಸಿಲಿಂಡರ್ ಖಾಲಿಯಾದರೂ ಇದೇ ನಿಯಮ, ರಿಯಾಯಿತಿ ಇಲ್ಲ. ಬದಲಿ ಸಿಲಿಂಡರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಹೊತ್ತು ಮುಗಿದ ಮೇಲೆ ಉರಿ ಆರಿಸಿ ಐದು ನಿಮಿಷ ಸುಮ್ಮನಿರಿ. ಆಮೇಲೆ ವಾಲಿಸದೆ ಎತ್ತಿ, ಮಡಿಸಿದ ಟವೆಲ್ಲಿನ ಮೇಲೆ ಬೆರಳಂತರ ಬಿಟ್ಟು ಇಡಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬರಿದಾಗಿ ಇಟ್ಟರೆ ತಳ ದುಂಡಗೆ ಕತ್ತರಿಸಿದ ಹಾಗೆ ಕಳಚುತ್ತದೆ, ಎತ್ತಿದಾಗ ಕೈಯಲ್ಲಿ ತಳವಿಲ್ಲದ ಬಾಟಲಿ. ಫ್ಯಾನೂ ಬೇಡ. ಹನ್ನೆರಡು ಗಂಟೆ ಮುಟ್ಟಬೇಡಿ, ಬಳೆ ಬಿಗಿ ಮಾಡಲಂತೂ ಹೋಗಲೇಬೇಡಿ; ಕೂರುತ್ತಿರುವ ಲೇಪ ಕದಲುತ್ತದೆ. ಬಿಸಿ ತುಂಬಿ ಬೋರಲು ಹಾಕಿದರೆ ಸಾಕು, ಕುದಿಸುವುದು ಬೇಡ ಎನ್ನುವ ಅಡ್ಡದಾರಿಯನ್ನೂ ನಂಬಬೇಡಿ. ಮುಚ್ಚಳ ಕೂತಂತೆ ಕಾಣುತ್ತದೆ, ಬೂಷ್ಟಿನ ಬೀಜ ಒಳಗೇ ಉಳಿದಿರುತ್ತದೆ.

ಮರುದಿನ ಬಿಲ್ಲೆಯ ನಡುವೆ ಬೆರಳೊತ್ತಿ. ಅಲುಗದಿದ್ದರೆ ಕೂತಿದೆ. ‘ಟಕ್’ ಎಂದು ಮೇಲೆ ಕೆಳಗೆ ಆಡಿದರೆ ಕೂತಿಲ್ಲ: ಫ್ರಿಜ್ಜಿಗಿಟ್ಟು ಆ ವಾರವೇ ಮುಗಿಸಿ, ಇಲ್ಲವೇ 24 ಗಂಟೆಯೊಳಗೆ ಹೊಸ ಬಿಲ್ಲೆ ಹಾಕಿ ಪೂರ್ತಿ ಮತ್ತೆ ಮಾಡಿ. ಕೂತ ಬಾಟಲಿಯ ಬಳೆ ಬಿಚ್ಚಿ ಇಡುವುದು ಕ್ರಮ. ಒಳಗೆ ಕೆಟ್ಟು ಗಾಳಿ ಹುಟ್ಟಿದರೆ ಬಿಲ್ಲೆ ತಾನೇ ಏಳಬೇಕು. ಬಳೆ ಇದ್ದರೆ ಆ ಎಚ್ಚರಿಕೆಯನ್ನು ಅದುಮಿ ಹಿಡಿಯುತ್ತದೆ. ಮುಚ್ಚಳದ ಮೇಲೆ ತಿಂಗಳು, ವರ್ಷ ಬರೆದು ಕತ್ತಲೆಯ, ತಣ್ಣನೆ ಕಪಾಟಿನಲ್ಲಿಡಿ. ಒಂದು ವರ್ಷದೊಳಗೆ ಬಳಸಿದರೆ ಬಣ್ಣ, ರುಚಿ ಉಳಿದಿರುತ್ತವೆ.

ಕಾಣುವ ದೋಷಗಳು

ಬಾಟಲಿಯ ಹೊರಮೈಗೆ ಬಿಳಿ ಪುಡಿ ಹಿಡಿದಿದ್ದರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಮುಂದಿನ ಸಲ ಕುದಿಯುವ ನೀರಿಗೆ ಎರಡು ಚಮಚ ವಿನೆಗರ್ ಹಾಕಿ. ಬಿಲ್ಲೆಯ ಒಳಮೈಯಲ್ಲಿ ಕಪ್ಪು ಚುಕ್ಕೆ ಬರುವುದು ಹಣ್ಣಿನ ಅಂಶ ಲೋಹಕ್ಕೆ ತಾಗಿ, ಮುಚ್ಚಳ ಗಟ್ಟಿಯಾಗಿ ಕೂತಿದ್ದರೆ ಅದರಿಂದ ತೊಂದರೆಯಿಲ್ಲ. ರಸ ಎರಡು ಇಂಚು ಇಳಿದಿದ್ದರೆ ಬಾಟಲಿಯನ್ನು ಅವಸರದಲ್ಲಿ ಹೊರತೆಗೆದಿದ್ದೀರಿ. ತೆರೆದು ತುಂಬಲು ಹೋಗಬೇಡಿ, ಮುಚ್ಚಳ ಕೂತಿದ್ದರೆ ಹಾಗೇ ಇರಲಿ, ಮೊದಲು ಅದನ್ನು ಬಳಸಿ.

ಮುಚ್ಚಳ ಉಬ್ಬಿದ್ದು, ತೆರೆದಾಗ ಚಿಮ್ಮಿದ್ದು, ತಾನಾಗಿ ಗುಳ್ಳೆ ಏಳುತ್ತಿರುವುದು, ಬೂಷ್ಟು ಹಿಡಿದದ್ದು, ವಾಸನೆ ಬದಲಾದದ್ದು ಇವಕ್ಕೆ ಒಂದೇ ಗತಿ. ನಾಲಿಗೆಯ ತುದಿಗೂ ಇಟ್ಟು ನೋಡಬೇಡಿ. ಬಾಟಲಿ ಸಮೇತ ಕಟ್ಟಿ ಕಸಕ್ಕೆ ಹಾಕಿ. ದಂಡವಾಯಿತಲ್ಲ ಎಂದು ದನಕ್ಕೆ, ನಾಯಿಗೆ ಹಾಕುವುದೂ ಬೇಡ, ಆ ವಿಷ ಅವಕ್ಕೂ ವಿಷವೇ.

ಇನ್ನು ನಮ್ಮ ಕೈ ಸುಮ್ಮನಿರುವುದಿಲ್ಲ. ನಾಲ್ಕು ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಒಗ್ಗರಣೆ ಕೊಟ್ಟೇ ತುಂಬೋಣ ಅನ್ನಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ ಎಲ್ಲ ಹುಳಿಯಿಲ್ಲದ ತರಕಾರಿ. ಸೇರಿಸಿದಷ್ಟೂ ಪಿಎಚ್ ಏರುತ್ತದೆ, ಅರ್ಧ ಚಮಚ ನಿಂಬೆ ಉಪ್ಪಿನ ಲೆಕ್ಕ ಬರಿ ಟೊಮೆಟೊಗೆ ಮಾಡಿದ್ದು. ಎಣ್ಣೆ ಬಿಲ್ಲೆಯ ಲೇಪವನ್ನು ಹಾಳುಮಾಡುತ್ತದೆ. ಮಂದವಾಗಲೆಂದು ಜೋಳದ ಹಿಟ್ಟು ಕದಡಿದರೆ ಬಿಸಿ ಬಾಟಲಿಯ ನಡುವಿಗೆ ಮುಟ್ಟಲು ತಡ. ಅವೆಲ್ಲ ತೆರೆದ ಮೇಲೆ ಬಾಣಲೆಯಲ್ಲಿ ಆಗಲಿ. ಒಗ್ಗರಣೆ ಸಮೇತವೇ ಬೇಕಿದ್ದರೆ ಫ್ರೀಜರಿನಲ್ಲಿಡಿ, ಅಲ್ಲಿ ಹುಳಿಯ ಲೆಕ್ಕ ಬೇಡ, ಕರೆಂಟಿನ ಲೆಕ್ಕ ಸಾಕು.

ತೆರೆದ ಬಾಟಲಿಯನ್ನು ಫ್ರಿಜ್ಜಿಗೆ ಹಾಕಿ ನಾಲ್ಕೈದು ದಿನದಲ್ಲಿ ಮುಗಿಸಿ. ಸಾರಿಗೆ ಹಾಕುವಾಗ ನಿಂಬೆ ಉಪ್ಪು ಆಗಲೇ ಸೇರಿರುವುದನ್ನು ಮರೆತು ದಿನದ ಅಳತೆಯ ಹುಣಸೆಹಣ್ಣು ಹಿಂಡಿದರೆ ಬಾಯಿಗಿಡಲಾಗದು. ಹುಣಸೆ ಅರ್ಧಕ್ಕಿಳಿಸಿ ರುಚಿ ನೋಡಿ, ಹುಳಿ ಮುಂದೆ ನಿಂತರೆ ಚಿಟಿಕೆ ಬೆಲ್ಲ.